ಹನ್ನೊಂದು ಪುಟದ ಅರ್ಜಿ

ಡಾಕ್ಟರ ಬಲಗೈ ತೋರುಬೆರಳಿನಷ್ಟು ಹೆಸರು ಮಾಡಿದ ಬೆರಳು ಭೂಮಂಡಲದಲ್ಲೇ ಇನ್ನೊಂದಿರಲಿಲ್ಲ. ಒಮ್ಮೆ ಹಿಂಬದಿಯಿಂದ ಒಳಗೆ ಮುಟ್ಟಿ ನೋಡಿದರೆ ಸಾಕು, ಗಂಡಸಿನ ಪ್ರಾಸ್ಟೇಟ್ ಗ್ರಂಥಿ ಇಂತಿಷ್ಟೇ ಗ್ರಾಂ ಎಂದುಬಿಡುತ್ತಿದ್ದರು. ಸ್ಕ್ಯಾನಿಂಗ್ ಯಂತ್ರ ಬೇರೆ ತೂಕ ತೋರಿಸಿದರೆ ಜನ ಯಂತ್ರವನ್ನೇ ರಿಪೇರಿಗೆ ಕಳಿಸುತ್ತಿದ್ದರು. ಅವರು ಬೀದಿಗಿಳಿದರೆ ಐವತ್ತು ದಾಟಿದ ಗಂಡಸರೆಲ್ಲ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು.

ಆ ಬೆರಳಿಗೆ ಜಗ್ಗದವನು ಅವರ ಅಣ್ಣನೊಬ್ಬನೇ. ಅಚ್ಚುಕೂಟದಲ್ಲಿ ನಲವತ್ತು ವರ್ಷ ಪ್ರೂಫ್ ತಿದ್ದಿದವನು. ಔಷಧದ ಚೀಟಿಯಲ್ಲೂ ಅಲ್ಪವಿರಾಮ ಹುಡುಕುವ ಆಸಾಮಿ.

"ಆ ಬೆರಳನ್ನ ಊರಿಗೆಲ್ಲ ತೋರಿಸ್ಕೋ. ಎತ್ತಿ ಆಡಿಸಿದ ತಮ್ಮನ ಮುಂದೆ ಹೆಂಗೋ ಮಲಗ್ಲಿ?" ಎನ್ನುತ್ತಿದ್ದ. ಡಾಕ್ಟರು ಹೊಟ್ಟೆ ಹಿಡಿದು ನಕ್ಕು ಸುಮ್ಮನಾಗುತ್ತಿದ್ದರು.

ನಿವೃತ್ತರಾದ ಮೇಲೆ ಅವರನ್ನು ಒಂದು ನಿಧಿಯ ಅಧ್ಯಕ್ಷರನ್ನಾಗಿ ಮಾಡಿದರು. ಪ್ರಾಸ್ಟೇಟ್ ಕ್ಯಾನ್ಸರಿಗೆ ಹೊಸ ಚಿಕಿತ್ಸೆ ಹುಡುಕುವವರಿಗೆ, ಅದೂ ಇನ್ನೂ ಮೊಳಕೆಯಲ್ಲಿರುವ ಯೋಚನೆಗಳಿಗೆ, ನೆರವು ಕೊಡುವ ನಿಧಿ ಅದು. ಅರ್ಜಿಗಳು ಮೇಜಿನ ಮೇಲೆ ಬೆಟ್ಟದಂತೆ ಬೀಳುತ್ತಿದ್ದವು. ಡಾಕ್ಟರು ಒಂದೊಂದನ್ನೂ ಅಂಗೈಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಭಾರವಿದ್ದರೆ ಬಲಕ್ಕೆ, ಹಗುರವಿದ್ದರೆ ಎಡಕ್ಕೆ. ಎಡಕ್ಕೆ ಹೋದದ್ದು ನೇರ ಬೀರುವಿಗೆ.

ಒಂದು ಸಲ ಹನ್ನೊಂದೇ ಪುಟದ್ದು ಬಂತು. ಹಕ್ಕಿಯ ಪುಕ್ಕ ಇದಕ್ಕಿಂತ ಭಾರ ಎನ್ನಬೇಕು.

"ಸರ್, ಒಂದ್ಸಲ ಓದಿ ನೋಡಬಹುದಲ್ವಾ?" ಎಂದರು ಕಾರ್ಯದರ್ಶಿ ಮೇಡಂ. "ಹೊಸ ಯೋಚನೆ ಅಲ್ವಾ, ತೆಳ್ಳಗೇ ಇರುತ್ತೆ."

"ಅಮ್ಮಾ, ಹೊಟ್ಟೆ ಕೊಯ್ಯದೆ ಗ್ರಂಥಿ ತೂಕ ಹೇಳಿದೋನು ನಾನು. ಕಾಗದ ಯಾವ ಮಹಾ?"

ಸಭೆಯೆಲ್ಲ ನಕ್ಕಿತು. ಆ ವರ್ಷದ ನೆರವು ಇಬ್ಬರು ಹೊತ್ತು ತಂದ ಅರ್ಜಿಯೊಂದಕ್ಕೆ ಹೋಯಿತು. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನೇ ಅದು ಬಣ್ಣದ ಚಿತ್ರಗಳ ಸಮೇತ ಹೇಳಿತ್ತು.

ನಾಲ್ಕು ವರ್ಷದ ಮೇಲೆ ಅಣ್ಣ ಸೊಂಟನೋವು ಎಂದ. ಕ್ಯಾನ್ಸರ್ ಆಗಲೇ ಪ್ರಾಸ್ಟೇಟಿನಿಂದ ಮೂಳೆಗಿಳಿದಿತ್ತು. ಹಾರ್ಮೋನ್ ತಡೆಯುವ ಇಂಜೆಕ್ಷನ್ನಿಗೆ ಒಂದು ವರ್ಷ ಬಗ್ಗಿತು. ಆಮೇಲೆ ಹಾರ್ಮೋನಿನ ಹಂಗಿಲ್ಲದೆ ಬೆಳೆಯುವುದನ್ನು ಕಲಿತುಕೊಂಡಿತು. ಇದ್ದ ಔಷಧಗಳೆಲ್ಲ ಒಂದೊಂದಾಗಿ ಕೈಚೆಲ್ಲಿದವು. ಆಗ ಡಾಕ್ಟರಿಗೆ ಆ ತೆಳು ಅರ್ಜಿಯಲ್ಲಿ ತಾವು ಓದಿದ್ದ ಒಂದೇ ಒಂದು ಸಾಲು, ಅದರ ತಲೆಬರಹ, ನೆನಪಾಯಿತು. ಹಾರ್ಮೋನ್ ನಿಲ್ಲಿಸಿದರೂ ಬೆಳೆಯುವ ಕ್ಯಾನ್ಸರ್ ಕೋಶಗಳನ್ನು ಉಪವಾಸ ಕೆಡವುವ ಬಗೆ.

ಅರ್ಜಿ ಬರೆದವಳು ಈಗ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಳು. ಎದುರಿಗೆ ಚರಂಡಿ ನೀರಿನ ಬಾಟಲಿಗಳ ಸಾಲು.

"ಆ ಕೆಲಸ ಎಲ್ಲಿಗೆ ಬಂತಮ್ಮಾ?" ಎಂದು ಡಾಕ್ಟರು ಅಲ್ಲಿಗೇ ಹೋಗಿ ಕೇಳಿದರು.

"ಎಲ್ಲಿಗೂ ಬರ್ಲಿಲ್ಲ ಸರ್. ದುಡ್ಡಿಲ್ದೆ ಕೋಶಗಳನ್ನ ಸಾಕೋಕೆ ಆಗ್ಲಿಲ್ಲ, ಬಿಸಾಕಿದೆ."

"ನಾನು ಹೂಂ ಅಂದಿದ್ರೆ ಇಷ್ಟೊತ್ತಿಗೆ ಔಷಧ..."

"ಇಲ್ಲ ಸರ್," ಎಂದಳು ಆಕೆ ಬಾಟಲಿಗೆ ಚೀಟಿ ಅಂಟಿಸುತ್ತ. "ಐದಾರು ವರ್ಷಕ್ಕೆ ಔಷಧ ಆಗಲ್ಲ. ದಾರಿ ಸರಿಯೋ ತಪ್ಪೋ ಅನ್ನೋದಾದ್ರೂ ಗೊತ್ತಾಗ್ತಿತ್ತು."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಡಾಕ್ಟರು ಬೀರುವಿನಿಂದ ಅರ್ಜಿ ತೆಗೆಸಿ ಅಣ್ಣನ ಹಾಸಿಗೆಯ ಬಳಿ ಓದಲು ಕೂತರು. ಮೂರನೇ ಪುಟದಲ್ಲಿ ಕನ್ನಡಕ ಮಂಜಾಯಿತು. ನಡೆದದ್ದನ್ನೆಲ್ಲ ಬಡಬಡನೆ ಒಪ್ಪಿಸಿಬಿಟ್ಟರು. ಅಂಗೈಮೇಲಿಟ್ಟು ನೋಡಿದ್ದನ್ನೂ ಮುಚ್ಚಿಡಲಿಲ್ಲ.

ಅಣ್ಣ ಕೈ ಚಾಚಿದ. "ಕೊಡಿಲ್ಲಿ. ಪೆನ್ಸಿಲ್ಲೂ ಕೊಡು."

ದಿಂಬಿಗೊರಗಿ, ಪೆನ್ಸಿಲ್ ಮೊನೆಯನ್ನು ಒಂದೊಂದು ಪದದ ಕೆಳಗೂ ನಡೆಸುತ್ತ, ಮಧ್ಯಾಹ್ನವಿಡೀ ಹನ್ನೊಂದು ಪುಟ ಓದಿದ. ವಿಜ್ಞಾನ ಅವನಿಗೆ ಎಷ್ಟು ತಿಳಿಯಿತೋ. ಪೆನ್ಸಿಲ್ ಮಾತ್ರ ಎಲ್ಲೂ ಕಾಗದಕ್ಕೆ ತಾಗಲಿಲ್ಲ.

"ಒಂದೇ ಒಂದು ತಪ್ಪಿಲ್ಲ ಕಣೋ," ಎಂದು ಹಾಳೆಗಳನ್ನು ತಮ್ಮನ ಬಲ ಅಂಗೈಮೇಲೆ ಇಟ್ಟ.

ಡಾಕ್ಟರು ಇನ್ನೊಂದು ಕೈಯನ್ನೂ ಕೆಳಗೆ ಕೊಟ್ಟರು.