ಹೆಗಲೆತ್ತರದ ಕಲ್ಲು

ನಾನು ಒಂದು ಕಲ್ಲು ಎಂದರೆ ಮಾತು ಪೂರ್ತಿ ಸರಿಯಾಗುವುದಿಲ್ಲ; ನಾನು ಮೂರು ಕಲ್ಲು. ಎರಡು ಕಂಬಗಳಾಗಿ ನೆಲದಲ್ಲಿ ನಿಂತಿವೆ. ಮೂರನೆಯದು ಅವುಗಳ ತಲೆಯ ಮೇಲೆ ಅಡ್ಡ ಮಲಗಿದೆ. ದೂರದಿಂದ ನೋಡಿದವರಿಗೆ ನಾನು, ಮನೆ ಕಟ್ಟುವುದನ್ನು ಅರ್ಧಕ್ಕೇ ಬಿಟ್ಟವರ ಬಾಗಿಲುವಾಡದಂತೆ ಕಾಣುತ್ತೇನೆ. ಈ ಕಡಲತಡಿಯ ಗುಡ್ಡವೆಲ್ಲ ಚಿರೆಕಲ್ಲಿನದು: ಕೆಂಪು, ತೂತುತೂತು, ಮಳೆಗೆ ಸವೆಯುವ ಜಾತಿ. ನಾನು ಕರಿಕಲ್ಲು. ಹೊಳೆಯ ಮೇಲ್ದಂಡೆಯ ಬಂಡೆಯೊಂದರಿಂದ ನನ್ನನ್ನು ಸೀಳಿ, ದೋಣಿಗೆ ಹಾಕಿ ಗುಡ್ಡದ ಬುಡದವರೆಗೆ ತಂದರು. ಅಲ್ಲಿಂದ ಮರದ ಕೊರಡುಗಳ ಮೇಲೆ ಜಾರಿಸುತ್ತ ಗುಡ್ಡದ ನಡುವಿನ ಈ ತಗ್ಗಿಗೆ ಎಳೆದರು. ಹುಟ್ಟಿದ ದಿನವೇ ನಾನು ದಣಿದಿದ್ದೆ.

ನನ್ನಂಥವರನ್ನು ಹೊರೆಗಲ್ಲು ಎನ್ನುತ್ತಾರೆ. ತಲೆಯ ಮೇಲೆ ಭಾರ ಹೊತ್ತು ಒಬ್ಬಂಟಿಯಾಗಿ ನಡೆಯುವವರು, ಇನ್ನೊಬ್ಬರ ಕೈ ಬೇಡದೆ ಅದನ್ನು ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೊರಲು ನಾವಿದ್ದೇವೆ. ನಮ್ಮ ಗುಣವೆಲ್ಲ ನಮ್ಮ ಎತ್ತರದಲ್ಲಿದೆ. ಮೇಲಿನ ಹಾಸುಗಲ್ಲು ಹೊರುವವಳ ಹೆಗಲ ಮಟ್ಟಕ್ಕಿದ್ದರೆ ಅವಳು ಬುಟ್ಟಿಯನ್ನು ತಲೆಯಿಂದ ಪಕ್ಕಕ್ಕೆ ಜಾರಿಸಿದರೆ ಸಾಕು. ಅದಕ್ಕಿಂತ ತಗ್ಗಿದ್ದರೆ ಬಗ್ಗಬೇಕಾಗುತ್ತದೆ. ಬಗ್ಗಿದರೆ ಒಂದೋ ಹೊರೆ ಚೆಲ್ಲುತ್ತದೆ, ಇಲ್ಲವೇ ಬೆನ್ನು ಉಳುಕುತ್ತದೆ.

ನನ್ನನ್ನು ನಿಲ್ಲಿಸಲು ಕಾರಣವಾದ ಸಂಗತಿ ನಾನು ಕಂಡದ್ದಲ್ಲ, ಹೆಂಗಸರ ಬಾಯಿಂದ ಕೇಳಿದ್ದು. ಗುಡ್ಡದ ಈಚೆ ಕಡಲಕೇರಿ, ಮೀನುಗಾರರ ಊರು. ಆಚೆ ಮೇಲಿನಬೈಲು, ಬೇಸಾಯದವರ ಊರು. ಕೇರಿಯ ಹೆಂಗಸರು ಬೆಳಗಿನ ಮೀನನ್ನು ಬುಟ್ಟಿಯಲ್ಲಿ ಹೊತ್ತು, ಈ ಗುಡ್ಡ ದಾಟಿ, ಬೈಲಿನಲ್ಲಿ ಮಾರಿ ಬರುತ್ತಿದ್ದರು. ಹೊನ್ನಿ ಎಂಬ ಸೊಸೆ ಏಳು ತಿಂಗಳ ಬಸುರಿ. ಅವಳ ತಲೆಗೆ ಬುಟ್ಟಿ ಎತ್ತಿಕೊಟ್ಟದ್ದು ಅತ್ತೆ ದುರ್ಗಮ್ಮ. ಆ ದಿನ ಜೊತೆಗೆ ಯಾರೂ ಇರಲಿಲ್ಲ. ಈ ತಗ್ಗಿಗೆ ಬಂದಾಗ ಹೊಟ್ಟೆ ಹಿಂಡಿತು. ಬುಟ್ಟಿ ಎಸೆದರೆ ಮೀನು ಮಣ್ಣುಪಾಲು. ಇಳಿಸೋಣವೆಂದರೆ ಇನ್ನೊಂದು ಜೊತೆ ಕೈ ಇಲ್ಲ. ಅವಳು ಬುಟ್ಟಿ ಎಸೆಯಲಿಲ್ಲ, ಬಗ್ಗಿದಳು. ಬಗ್ಗಿದವಳು ಏಳಲಿಲ್ಲ, ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ.

ಇನ್ನು ನಾನೇ ಕಂಡದ್ದು. ನನ್ನ ಕಂಬಗಳನ್ನು ಹೂಳುವ ಮೊದಲು ಕಲ್ಲುಕುಟಿಗ ದುರ್ಗಮ್ಮನನ್ನು ಕೇಳಿದ: "ಎಷ್ಟು ಎತ್ರ ನಿಲ್ಸಲಿ ಅಮ್ಮಾ? ನಿಮ್ಮ ಹೆಗಲಿಗೆ ಸಮ ಮಾಡ್ಲಾ?"

"ನನ್ನ ಹೆಗಲಿಗಲ್ಲ," ಎಂದಳು ದುರ್ಗಮ್ಮ. "ಹೊನ್ನಿ ನನ್ನ ಕಿವಿ ಮಟ್ಟ ಬರ್ತಿತ್ತು. ಅದ್ರ ಹೆಗಲಿಗೆ ನಿಲ್ಸು."

ಹಾಗೆಂದು ಅವಳು ಅಂಗೈಯನ್ನು ಗಾಳಿಯಲ್ಲಿ ಚಾಚಿ, ಯಾರದೋ ಹೆಗಲ ಮೇಲೆ ಇಟ್ಟಂತೆ ಹಿಡಿದಳು. ಕುಟಿಗ ಅದರ ಕೆಳಗೆ ಕೋಲು ನೆಟ್ಟು ಗುರುತು ಮಾಡಿಕೊಂಡ. ನನ್ನ ಎತ್ತರ ಬಂದದ್ದು ಅಲ್ಲಿಂದ.

ಅಂದಿನಿಂದ ಹೆಂಗಸರು ನನ್ನನ್ನು ಹೊನ್ನಿ ಎಂದೇ ಕರೆದರು. ಬುಟ್ಟಿ ಜಾರಿಸುವಾಗ "ಹಿಡ್ಕ ಹೊನ್ನಿ" ಎನ್ನುವುದು ರೂಢಿಯಾಯಿತು. ಯಾರ ಕೈಗೆ ಇನ್ನೊಂದು ಕೈ ಸಿಗಲಿಲ್ಲವೋ ಅವಳೇ ಎಲ್ಲರಿಗೂ ಕೈ ಕೊಡುವವಳಾದಳು. ಬುಟ್ಟಿಗಳಿಂದ ಉಪ್ಪುನೀರು ಸೋರಿ ನನ್ನ ಹಾಸುಗಲ್ಲಿನ ಮೇಲೆ ಬಿಳಿ ಬರೆಗಳು ಎದ್ದವು. ಭಾರ ಇಳಿದ ಮೇಲೆ ಹೆಂಗಸರ ಬಾಯಿಗೆ ಬಿಡುವು ಸಿಗುತ್ತಿತ್ತು.

"ನನ್ನ ಗಂಡನ್ನೂ ಹಿಂಗೇ ಇಲ್ಲಿ ಇಳ್ಸಿಟ್ಟು ಹೋಗೂಕೆ ಬಂದಿದ್ರೆ ಎಷ್ಟು ಚಲೋ ಇತ್ತೆ!"

"ಬೇಡ ಮಾರಾಯ್ತಿ. ನಾಳೆ ಮತ್ತೆ ಹೊರ್ಸೂಕೆ ನೀ ನಮ್ಮನ್ನೇ ಕರೀತೆ."

ನಕ್ಕು, ಎಲೆಯಡಿಕೆ ಉಗಿದು, ಬುಟ್ಟಿಯನ್ನು ಮತ್ತೆ ತಲೆಗೆ ಜಾರಿಸಿಕೊಂಡು ಅವರು ಏರು ಹತ್ತುತ್ತಿದ್ದರು. ನಾನು ಉಳಿಯುತ್ತಿದ್ದೆ. ಹೊರುವವರಿಗೆ ಇಳಿಸುವ ಜಾಗವೊಂದಿದೆ, ಇಳಿಸಿಕೊಳ್ಳುವವರಿಗೆ ಇಲ್ಲ. ಈ ಮಾತು ನನಗೆ ಆಗಲೇ ಹೊಳೆದಿತ್ತು. ಆದರೆ ಹೇಳಿಕೊಳ್ಳಲು ಯಾರಿದ್ದರು?

ಮುಂದೆ ಗುಡ್ಡವನ್ನು ಬಳಸಿ ಡಾಂಬರು ರಸ್ತೆ ಬಂತು. ಮಂಜುಗಡ್ಡೆ ತುಂಬಿದ ಟೆಂಪೋಗಳು ಬಂದವು. ಹೆಂಗಸರು ಒಬ್ಬೊಬ್ಬರಾಗಿ ಈ ದಾರಿ ಬಿಟ್ಟರು. ಅವರ ಕತ್ತು ಉಳಿಯಿತಲ್ಲ ಎಂದು ನನಗೂ ಸಮಾಧಾನವಾಯಿತು. ಆದರೂ, ಕೆಲಸವಿಲ್ಲದೆ ನಿಲ್ಲುವುದು ಕೆಲಸದಷ್ಟೇ ದಣಿಸುತ್ತದೆ ಎಂಬುದನ್ನು ಆ ವರ್ಷಗಳಲ್ಲಿ ಕಲಿತೆ. ಬಳ್ಳಿ ಹಬ್ಬಿತು. ಮುಂಗುಸಿಯೊಂದು ನನ್ನ ಬುಡದಲ್ಲಿ ಸಂಸಾರ ಹೂಡಿತು.

ಆಮೇಲೆ ಗುಡ್ಡ, ಕಾಡು, ಕಡಲಂಚು ಎಲ್ಲ ಸೇರಿ ರಾಷ್ಟ್ರೀಯ ಉದ್ಯಾನವಾಯಿತು. ಮೀನು ಹೊರುವ ದಾರಿಗೆ ಕಡಲ ನೋಟದ ಕಾಲುದಾರಿ ಎಂದು ಹೆಸರಿಟ್ಟು, ಬಾಗಿಲಲ್ಲಿ ಚೀಟಿ ಕೊಡತೊಡಗಿದರು. ಬಣ್ಣದ ಟೋಪಿ ಹಾಕಿದವರು ಬಂದು, ನನ್ನ ಕಂಬಗಳ ನಡುವೆ ನುಸುಳಿ, ಫೋಟೋ ತೆಗೆಸಿಕೊಂಡರು. ಹೊರೆ ಹೊತ್ತು ಬರುವವಳೆಂದು ಉಳಿದದ್ದು ಕಡಲಕೇರಿಯ ಗಣಪಿ ಒಬ್ಬಳೇ. ಬೈಲಿನ ಒಳಗಿನ ಮನೆಗಳಿಗೆ ಟೆಂಪೋ ಹೋಗುವುದಿಲ್ಲ. ಆ ಮನೆಯವರು ಅವಳ ಮೀನಿಗೇ ಕಾಯುತ್ತಿದ್ದರು. ಅವಳ ಒಲೆಯೂ ಆ ಮನೆಗಳನ್ನೇ ನಂಬಿತ್ತು. ಹಿಂದಿನಿಂದ ನಡೆದು ಬಂದವಳೆಂದು ಉದ್ಯಾನದವರು ಅವಳಿಗೆ ಒಪ್ಪಿಗೆ ಕೊಟ್ಟಿದ್ದರು. ಆದರೆ ಅವಳ ಕತ್ತಿನ ಮೂಳೆ ಸವೆದಿತ್ತು. ನಡುವೆ ಒಮ್ಮೆ ಬುಟ್ಟಿ ಇಳಿಸದೆ ಗುಡ್ಡ ದಾಟುವುದು ಅವಳಿಂದ ಆಗುತ್ತಿರಲಿಲ್ಲ. ಹೀಗಾಗಿ ನಾನಿದ್ದರೆ ಅವಳಿಗೆ ದಾರಿ, ನಾನಿಲ್ಲದಿದ್ದರೆ ಇಲ್ಲ.

ಒಂದು ಮಳೆಗಾಲದಲ್ಲಿ ದಾರಿ ಮುಚ್ಚಿ, ನಡೆಯಲು ಸುಲಭವಾಗುವಂತೆ ಅದನ್ನು ಮಟ್ಟ ಮಾಡಿದರು. ನಾನಿದ್ದ ತಗ್ಗಿಗೆ ಕೆಂಪು ಮಣ್ಣು ಸುರಿದು, ಬಡಿದು, ಮೇಲೆ ಕಲ್ಲುಚಪ್ಪಡಿ ಹಾಸಿದರು. ಮಣ್ಣು ನನ್ನ ಕಂಬಗಳನ್ನು ಮುಚ್ಚುತ್ತ ಬಂದು, ಹಾಸುಗಲ್ಲು ಆಳಿನ ಮೊಣಕಾಲೆತ್ತರಕ್ಕೆ ಉಳಿದಾಗ ನಿಂತಿತು. ನನ್ನ ಪಕ್ಕದಲ್ಲಿ ಫಲಕವೊಂದನ್ನು ನೆಟ್ಟರು: "ಪುರಾತನ ವಿಶ್ರಾಂತಿ ಪೀಠ. ದಯವಿಟ್ಟು ಸ್ವಚ್ಛವಾಗಿಡಿ." ಫಲಕ ಬರೆದವರು ನನ್ನ ಉಳಿದರ್ಧವನ್ನು ಎಂದೂ ಕಂಡವರಲ್ಲ.

ಈ ಕೆಲಸವನ್ನು ನಾನು ಹಳಿಯಲಾರೆ. ದಾರಿ ತೆರೆದ ವಾರದಲ್ಲೇ, ಬಯಲುಸೀಮೆಯ ಮುದುಕರೊಬ್ಬರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮಗಳು ತಳ್ಳುತ್ತ ಬಂದಳು. ತಗ್ಗು ತಗ್ಗಾಗಿದ್ದಾಗ ಇಲ್ಲಿಂದ ಕಡಲು ಕಾಣುತ್ತಿರಲಿಲ್ಲ; ಏರಿಸಿದ ದಾರಿಯಿಂದ ಕಾಣುತ್ತದಂತೆ. ಮುದುಕರು ಬಹಳ ಹೊತ್ತು ನೋಡಿದರು. "ಭಾಳ ದೊಡ್ಡದೈತಿ ಅಂತ ಹೇಳಿದ್ದಿಯಲ್ಲಾ, ಕಡಿಮಿ ಹೇಳೀದಿ ಬಿಡವಾ," ಎಂದರು ಮಗಳಿಗೆ. ಆ ಮಾತು ಕೇಳಿದ ಮೇಲೆ, ಮಣ್ಣು ಹಾಕಬಾರದಿತ್ತು ಎಂದು ನಾನು ಹೇಗೆ ಹೇಳಲಿ?

ಅದೇ ವಾರ ಗಣಪಿ ಬಂದಳು. ತಲೆಯ ಮೇಲೆ ಬಂಗಡೆಯ ಬುಟ್ಟಿ. ರೂಢಿಯಂತೆ ಪಕ್ಕಕ್ಕೆ ತಿರುಗಿ, ಎರಡು ಕೈಗಳಿಂದ ಬುಟ್ಟಿಯ ಅಂಚು ಹಿಡಿದು, "ಹಿಡ್ಕ..." ಎಂದವಳು ಅಲ್ಲಿಗೇ ನಿಂತಳು. ಹೆಗಲಿನ ಬಳಿ ಕಲ್ಲಿರಲಿಲ್ಲ. ಕಣ್ಣು ಕೆಳಗಿಳಿಸಿ ನನ್ನನ್ನು ನೋಡಿದಳು. ನನ್ನ ಮೇಲೆ ಇಬ್ಬರು ಪ್ರವಾಸಿಗರು ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

"ಒಂಚೂರು ಕೈ ಕೊಡಿ ತಂಗಿ, ಇಳ್ಸೂಕೆ."

"ಅಯ್ಯೋ, ಬೇಡಮ್ಮಾ. ಬಟ್ಟೆಗೆಲ್ಲ ವಾಸನೆ ಆಗುತ್ತೆ. ಬಸ್ಸಲ್ಲಿ ಹೋಗಬೇಕು ನಾವು."

ಗಣಪಿ ಹೊತ್ತೇ ಮುಂದೆ ನಡೆದಳು. ಏರಿನಲ್ಲಿ ಅವಳ ಹೆಜ್ಜೆ ಎರಡು ಸಲ ನಿಂತದ್ದು ನನಗೆ ಕೇಳಿಸಿತು. ಆಮೇಲಿನ ದಿನಗಳಲ್ಲಿ ಕೆಲವರು ಕೈ ಕೊಟ್ಟರು, ಕೆಲವರು ಮೊದಲು ಫೋಟೋ ತೆಗೆದು ಆಮೇಲೆ ಕೈ ಕೊಟ್ಟರು. ಒಮ್ಮೆ ಯಾರೂ ಇಲ್ಲದಾಗ ತಾನೇ ಬಗ್ಗಲು ಹೋಗಿ, ಅರ್ಧದಲ್ಲಿ ನೋವಿನಿಂದ ಕೂಗಿದಳು. ಆ ಕೂಗು ಕೇಳಿ, ಇದೇ ತಗ್ಗಿನಲ್ಲಿ ಹಿಂದೊಮ್ಮೆ ಬಗ್ಗಿದವಳ ಕಥೆ ನನಗೆ ನೆನಪಾಯಿತು. ನಾನು ನಿಂತದ್ದೇ ಅದು ಮತ್ತೆ ಆಗದಿರಲೆಂದು.

ಉದ್ಯಾನದ ಕಾವಲುಗಾರ ಹಮ್ಮು ಗೌಡ ಒಳ್ಳೆಯವನು. "ನಾ ಇರೂ ಹೊತ್ತಿಗೆ ಬಾರೆ ಗಣಪಿ. ಇಳ್ಸೂ ಕೊಡ್ತೆ, ಹೊರ್ಸೂ ಕೊಡ್ತೆ."

"ನಿನ್ನ ಡ್ಯೂಟಿ ನೋಡ್ಕಂಡು ಮೀನು ಬಲೆಗೆ ಬೀಳ್ತದ್ಯನಾ ಹಮ್ಮಣ್ಣ?" ಎಂದಳು ಗಣಪಿ. ನಗಲಿಲ್ಲ. "ಈ ದೀಪಾವಳಿಗೆ ಬಿಟ್ಬಿಡ್ತೆ. ದಾರಿನೇ ನನ್ನ ಬೇಡ ಅಂತ ಹೇಳ್ದ ಮೇಲೆ ಎಂತಕ್ಕೆ ಬರೂದು?"

ದೀಪಾವಳಿಗೆ ಮೊದಲು ಒಂದು ಹಿಂಗಾರಿನ ಮಳೆ ಜೋರಾಗಿ ಹೊಡೆಯಿತು. ನನ್ನ ಹಿಂಬದಿಯ ಮಣ್ಣಿಗೆ ಕಲ್ಲಿನ ಕಟ್ಟೆಯ ಆಸರೆ ಇರಲಿಲ್ಲ. ನೀರು ಅಲ್ಲಿಂದ ದಾರಿ ಮಾಡಿಕೊಂಡು, ಸುರಿದ ಮಣ್ಣನ್ನೆಲ್ಲ ಹಳೆಯ ನೆಲದವರೆಗೆ ಕೊಚ್ಚಿಕೊಂಡು ಹೋಯಿತು. ಮುಂಬದಿಯ ಚಪ್ಪಡಿ ಅಲುಗಲಿಲ್ಲ. ಹಿಂಬದಿಯಲ್ಲಿ ಮಾತ್ರ ನನ್ನ ಕಂಬಗಳು ಬುಡದವರೆಗೆ ಮತ್ತೆ ಗಾಳಿ ಕಂಡವು.

ಗಣಪಿ ಬಂದು ನೋಡಿದಳು. ಕುಸಿದ ಮಣ್ಣಿನ ಮೇಲೆ ಕಾಲಿಡುತ್ತ, ಒಂದು ಕೈಯಲ್ಲಿ ತಲೆಯ ಮೇಲಿನ ಬುಟ್ಟಿ ಹಿಡಿದು, ಇನ್ನೊಂದರಲ್ಲಿ ಗೇರುಗಿಡದ ಕೊಂಬೆ ಹಿಡಿದು ಗುಂಡಿಗೆ ಇಳಿದಳು. ತಿರುಗಿದಳು. ಹಾಸುಗಲ್ಲು ಅವಳ ಹೆಗಲಿಗೆ ತಾಗಿತು.

"ಹಿಡ್ಕ ಹೊನ್ನಿ."

ಹಿಡಿದುಕೊಂಡೆ.

ಮರುದಿನ ಆ ಗುಂಡಿ ತುಂಬಿಸಲು ಗಾರೆಯವರು ಬಂದರು. ಗಣಪಿ ಆಗಲೇ ಅದರೊಳಗೆ ನಿಂತಿದ್ದಳು, ಬುಟ್ಟಿ ನನ್ನ ಮೇಲಿತ್ತು.

"ಮೇಲೆ ಬಾ ಅಮ್ಮಾ, ಕಲ್ಲು ಹಾಕ್ಬೇಕು."

"ಬರೂದಿಲ್ಲ. ಇಷ್ಟು ದಿನ ಮೇಲೇ ಇದ್ದಿದ್ದೆ, ಸಾಕಾಗಿದೆ. ಈಗ ಸರಿ ಎತ್ರದಲ್ಲಿ ನಿಂತಿದ್ದೆ."

ಹಮ್ಮು ವಲಯ ಅರಣ್ಯಾಧಿಕಾರಿಯನ್ನು ಕರೆತಂದ. ಭಾರ್ಗವಿ ಎಂದು ಹೆಸರು, ಹೊಸದಾಗಿ ಬಂದವರು. ಅವರು ಕೂಗಾಡಲಿಲ್ಲ. ಸುಲಭ ದಾರಿಯ ಪಕ್ಕದಲ್ಲಿ ತೆರೆದ ಗುಂಡಿ ಇರಬಾರದೆಂಬ ನಿಯಮವಿದೆ, ಗಾಲಿಕುರ್ಚಿಯವರು ಬರುತ್ತಾರೆ, ಯಾರಾದರೂ ಬಿದ್ದರೆ ಏನು ಗತಿ ಎಂದು ವಿವರಿಸಿದರು. ಅದೂ ನಿಜವೇ. ಗಣಪಿಯೂ ಅದನ್ನು ಅಲ್ಲಗಳೆಯಲಿಲ್ಲ. "ಬೀಳೂದು ಬೇಡ ಮೇಡಂನವ್ರೆ. ಆದ್ರೆ ನಾನೂ ಬೀಳೂದು ಬೇಡ, ಅಲ್ದಾ?"

"ಸರಿ, ಈಗ ಬುಟ್ಟಿ ನಾನು ತೆಗೆದುಕೊಡ್ತೇನೆ. ನೀವು ಮೇಲೆ ಬನ್ನಿ, ಕೂತು ಮಾತಾಡೋಣ," ಎಂದು ಭಾರ್ಗವಿ ಗುಂಡಿಗೆ ಇಳಿದರು. ಬುಟ್ಟಿಗೆ ಕೈ ಹಾಕಿ ಎತ್ತಲು ನೋಡಿದರು. ಅದು ಕದಲಲಿಲ್ಲ.

"ಕೈಗಲ್ಲ, ತಲೆಗೆ," ಎಂದು ಗಣಪಿ ತನ್ನ ಸಿಂಬಿಯನ್ನು, ಸುತ್ತಿ ಮಾಡಿದ ಆ ಬಟ್ಟೆಯ ಬಳೆಯನ್ನು, ಅವರ ತಲೆಯ ಮೇಲಿಟ್ಟಳು. ಗಾರೆಯವರು ನಕ್ಕರು.

"ಮೇಡಂ, ನಾಳೆಯಿಂದ ಆಫೀಸಿಗೆ ಬಂಗಡೆ ನಿಮ್ದೇ!" ಎಂದ ಒಬ್ಬ.

ಭಾರ್ಗವಿಯೂ ನಕ್ಕು, ಮೊಣಕಾಲು ತುಸು ಮಡಚಿ, ಬುಟ್ಟಿಯನ್ನು ತಲೆಗೆ ಜಾರಿಸಿಕೊಂಡು ನೆಟ್ಟಗಾದರು. ನಗು ನಿಂತಿತು. ಕತ್ತಿನ ನರ ಬಿಗಿಯಿತು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಡಲಿಲ್ಲ. ಮೇಲೆ ಹತ್ತುವ ದಾರಿ ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ಯಾರೂ ಹೇಳದೆಯೇ ಪಕ್ಕಕ್ಕೆ ತಿರುಗಿ, ಬುಟ್ಟಿಯನ್ನು ನನ್ನ ಮೇಲೆ ಜಾರಿಸಿದರು. ಅವರ ಬಾಯಿಂದ ಉದ್ದನೆಯ ಉಸಿರೊಂದು ಹೊರಬಿತ್ತು. ಆ ಉಸಿರನ್ನು ನಾನು ಬಲ್ಲೆ. ಅದು ಎಲ್ಲರಲ್ಲೂ ಒಂದೇ.

ಹಾಸುಗಲ್ಲಿನ ಮೇಲೆ ಕೈಯೂರಿ ನಿಂತರು. ಬಳಿಕ ಗಾರೆಯವರಿಗೆ ಹೇಳಿದರು: "ತುಂಬಬೇಡಿ. ಸುತ್ತ ಕಲ್ಲು ಕಟ್ಟಿ, ಇಳಿಯೋಕೆ ಮೆಟ್ಟಿಲು ಮಾಡಿ. ದಾರಿ ಕಡೆಗೆ ಕಟಕಟೆ ಹಾಕಿ. ಮೇಲಿನವರಿಗೆ ನಾನು ಉತ್ತರ ಕೊಡ್ತೇನೆ."

ಹೀಗೆ ನನಗೆ ಎರಡು ಎತ್ತರಗಳಾದವು. ಮುಂದೆ ಬಂದವರಿಗೆ ನಾನು ಪೀಠ, ಹಿಂದೆ ಇಳಿದವಳಿಗೆ ಹೊರೆಗಲ್ಲು. ಗಣಪಿ ಆ ದೀಪಾವಳಿಗೆ ಬಿಡಲಿಲ್ಲ. ಆಮೇಲೆಯೂ ಕೆಲವು ವರ್ಷ ಬಂದಳು. ಬುಟ್ಟಿ ವರ್ಷದಿಂದ ವರ್ಷಕ್ಕೆ ಹಗುರಾಗುತ್ತ ಬಂತು. ಅವಳ ಉಸಿರು ಮಾತ್ರ ಭಾರವಾಗುತ್ತ ಬಂತು. ಕೊನೆಗೊಂದು ಬೆಳಿಗ್ಗೆ ಬೈಲಿನಿಂದ ಖಾಲಿ ಬುಟ್ಟಿಯೊಂದಿಗೆ ಮರಳುವಾಗ ಗುಂಡಿಗೆ ಇಳಿದಳು. ಇಳಿಸಲು ಏನೂ ಇರಲಿಲ್ಲ. ಸಿಂಬಿಯನ್ನು ಬಿಚ್ಚಿ, ಕೊಡವಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಯಾಕೆ, ನಾಳೆ ಬರೂದಿಲ್ವಾ?" ಎಂದ ಹಮ್ಮು ಮೇಲಿನಿಂದ.

"ಇಲ್ಲ. ದಾರಿ ಬಿಡ್ಸಿದ್ದಲ್ಲ ಹಮ್ಮಣ್ಣ, ನಾನೇ ಬಿಟ್ಟದ್ದು," ಎಂದಳು. ಆ ಮಾತಿನಲ್ಲಿ ದಣಿವಿತ್ತು, ದೂರಿರಲಿಲ್ಲ. ಹೊರಡುವಾಗ ನನ್ನ ಅಂಚನ್ನು ಮುಟ್ಟಿ ಮೆಲ್ಲಗೆ ಹೇಳಿದಳು: "ಸಾಕು ಮಾರಾಯ್ತಿ. ನೀನೂ ಕೂತ್ಕ."

ಕಲ್ಲಿಗೆ ಕೂರಲು ಬರುವುದಿಲ್ಲ. ಕಟ್ಟಿದ ಮೆಟ್ಟಿಲಿಗೆ ಪಾಚಿ ಹಿಡಿದಿದೆ. ನನ್ನ ಹಾಸುಗಲ್ಲಿನಲ್ಲಿ ಕೂದಲೆಳೆಯಂಥ ಬಿರುಕೊಂದು ಕಾಣಿಸಿಕೊಂಡಿದೆ. ಉಪ್ಪು ಅದರೊಳಗೆ ನಿಧಾನವಾಗಿ ತನ್ನ ಕೆಲಸ ನಡೆಸಿದೆ. ಇಷ್ಟು ಕಾಲ ಕಡಲ ದನಿ ಕೇಳುತ್ತ ನಿಂತಿದ್ದರೂ ಕಡಲನ್ನು ನಾನು ನೋಡಿಲ್ಲ. ನನ್ನ ಮೇಲೆ ಕೂತವರು ಅದನ್ನು ನೋಡಿ ಹೊಗಳುತ್ತಾರೆ. ಅಷ್ಟರಿಂದಲೇ ಅದು ಅಲ್ಲಿದೆ ಎಂದು ನಂಬಿದ್ದೇನೆ. ಹಿಂಬದಿಯ ಗುಂಡಿ ಏಕಿದೆ ಎಂದು ಒಬ್ಬರೂ ಕೇಳುವುದಿಲ್ಲ.

ಮೊನ್ನೆ ಇಳಿಹೊತ್ತಿನಲ್ಲಿ ಒಬ್ಬ ಹೆಂಗಸು ಬಂದಳು. ಜೊತೆಯವರು ಮುಂದೆ ಹೋಗಿಬಿಟ್ಟಿದ್ದರು. ಅವಳ ಹೆಗಲ ಮೇಲೆ ಮಗುವೊಂದು ನಿದ್ದೆಹೋಗಿ ಜೋತುಬಿದ್ದಿತ್ತು. ಪೀಠದ ಮೇಲೆ ಮಲಗಿಸಲು ಬಗ್ಗಿದಳು, ಸೊಂಟ ಹಿಡಿದಿರಬೇಕು, ಬಗ್ಗಲಾಗಲಿಲ್ಲ. ಸುತ್ತ ನೋಡಿದಳು, ಯಾರೂ ಇರಲಿಲ್ಲ. ಮೆಟ್ಟಿಲು ಕಂಡಿತು. ಹುಷಾರಾಗಿ ಇಳಿದು, ಪಕ್ಕಕ್ಕೆ ತಿರುಗಿ, ಮಗುವನ್ನು ಹೆಗಲಿನಿಂದ ನನ್ನ ಮೇಲೆ ಜಾರಿಸಿದಳು. ಎರಡು ಕೈಗಳನ್ನೂ ಅದರ ಸುತ್ತ ಇಟ್ಟು, ಆ ಉಸಿರು ಬಿಟ್ಟಳು.

ಎಷ್ಟೋ ಬುಟ್ಟಿ ಹೊತ್ತಿದ್ದೇನೆ; ಮಗುವನ್ನು ಹೊತ್ತದ್ದು ಅದೇ ಮೊದಲು. ಅವಳಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಹೇಳಬೇಕಾದ ಮಾತೂ ಗೊತ್ತಿರಲಿಲ್ಲ.

ಹಿಡಿದುಕೊಂಡೆ.