ವೇಗಮ್ಮನ ಚೀಟಿ

ನಮ್ಮ ಲ್ಯಾಟಿನ್ ನಿಘಂಟಿನ ಕಚೇರಿಯಲ್ಲಿ ಒಂದು ಕಟ್ಟಳೆಯಿತ್ತು: ಪದ ಹಿಡಿದವರೇ ಅದನ್ನು ಮುಗಿಸಬೇಕು. ಮುಗಿಸದೆ ಹೊರಟರೆ ಬಿಡುಗಡೆ ಪತ್ರವಿಲ್ಲ. ನನ್ನ ಪಾಲಿಗೆ ಬಂದದ್ದು ‘ಸೆಲೆರಿಟಾಸ್’, ಅಂದರೆ ವೇಗ. ಅದೊಂದಕ್ಕೇ ಹನ್ನೊಂದು ವರ್ಷ ಹಿಡಿಯಿತು. ಜೊತೆಯವರು ನನ್ನನ್ನು ವೇಗಮ್ಮ ಎಂದು ಕರೆದರೆ ಅವರನ್ನು ಬೈದು ಏನು ಪ್ರಯೋಜನ?

ಸ್ತ್ರೀಲಿಂಗ ಎಂದು ಬರೆದೆ, ವಿಭಕ್ತಿಗಳನ್ನು ಬರೆದೆ. ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಎಂದು ಅದರ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಹುಡುಕಿ ಸಾಲಾಗಿ ಕೂರಿಸಿದೆ. ಬಹುವಚನವೊಂದು ಉಳಿಯಿತು. ಅದನ್ನು ಹಳೆಯ ಗ್ರಂಥದಲ್ಲಿ ಕಂಡವರು ಯಾರೋ ಚೀಟಿ ಬರೆದಿದ್ದಾರೆಂದು ದಾಖಲೆ ಪುಸ್ತಕ ಹೇಳುತ್ತಿತ್ತು. ಪದದ ಚೀಟಿಗಳನ್ನಿಡುವ ಪೆಟ್ಟಿಗೆಯಲ್ಲಿ ಮಾತ್ರ ಅದು ಇರಲಿಲ್ಲ. ಚೀಟಿ ನೋಡದೆ ಕಚೇರಿಯ ಯಜಮಾನರು ಸಹಿ ಹಾಕುವವರಲ್ಲ.

ಅಷ್ಟರಲ್ಲಿ ಅಕ್ಕನ ಊರಿನ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅಕ್ಕನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಸೋಮವಾರ ಬಿಡುಗಡೆ ಪತ್ರ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು.

“ಬರ್ತೀಯೋ ಇಲ್ವೋ, ಒಂದ್ಸಲ ಹೇಳ್ಬಿಡೇ,” ಎಂದು ಅಕ್ಕ ಫೋನಿನಲ್ಲಿ ಕೇಳಿದಳು.

ಶುಕ್ರವಾರ ಮಧ್ಯಾಹ್ನ ಪೆನ್ನು ಕೆಳಗೆ ಬಿತ್ತು. ಹೆಕ್ಕಲು ಬಗ್ಗಿದೆ. ನನ್ನ ಮೇಜಿನ ಕುಂಟುಕಾಲಿನ ಅಡಿಯಲ್ಲಿ ನಾಲ್ಕು ಮಡಿಕೆಯ ಕಾಗದವೊಂದಿತ್ತು. ಕೆಲಸಕ್ಕೆ ಸೇರಿದ ವಾರ ಮೇಜು ಅಲ್ಲಾಡುತ್ತದೆಂದು ನಾನೇ ತುರುಕಿದ್ದು. ಎಳೆದು ಬಿಡಿಸಿದೆ. ಬಹುವಚನ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ನಗು ಬರಲಿಲ್ಲ. ಚೀಟಿ ಕೆಡಿಸಿದವರನ್ನು ಪತ್ರವಿಲ್ಲದೆ ಮನೆಗೆ ಕಳಿಸುವುದೂ ಅಲ್ಲಿಯ ಕಟ್ಟಳೆಯೇ. ತೋರಿಸಿದರೂ ಪತ್ರವಿಲ್ಲ, ಮುಚ್ಚಿಟ್ಟರೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಮುಚ್ಚಿಟ್ಟರೆ ಇನ್ನೂ ಹನ್ನೊಂದು ವರ್ಷ ಇದೇ ಕುರ್ಚಿ ಎಂಬ ಯೋಚನೆ ಬಂದದ್ದೇ ಎದ್ದುಬಿಟ್ಟೆ.

ಯಜಮಾನರು ಮಡಿಕೆಗಳ ಮೇಲೆ ಬೆರಳಾಡಿಸಿದರು.

“ಎಲ್ಲಿತ್ತು?”

“ನನ್ನ ಮೇಜಿನ ಕಾಲಡಿ ಸಾರ್. ನಾನೇ ಇಟ್ಟಿದ್ದು.”

ಅವರು ಎದ್ದು ಬಾಗಿಲು ಹಾಕಿ ಬಂದರು. ಸೊಂಟ ಹಿಡಿದುಕೊಂಡು ಬಗ್ಗಿ, ತಮ್ಮ ಮೇಜಿನ ಕಾಲಡಿಯಿಂದ ಅಂಥದೇ ಒಂದು ಕಾಗದ ಎಳೆದರು.

“ಇದು ನನ್ನ ಪದದ ಚೀಟಿ ಕಣಮ್ಮ. ಸಿಕ್ಕಿ ಇಪ್ಪತ್ತು ವರ್ಷ ಆಯ್ತು. ಆಗಿನ ಯಜಮಾನರಿಗೆ ಹೇಳೋಕೆ ಧೈರ್ಯ ಬರ್ಲಿಲ್ಲ.”

“ಈಗ ನೀವೇ ಯಜಮಾನರಲ್ವಾ ಸಾರ್?”

“ಈಗ ಹೋಗೋದಾದ್ರೂ ಎಲ್ಲಿಗೆ?”

ಅವರು ನನ್ನ ಪತ್ರಕ್ಕೆ ಸಹಿ ಹಾಕಿದರು. ಮೇಜು ಅಲ್ಲಾಡಿ ಸಹಿ ಸೊಟ್ಟಗಾಯಿತು. ನಾನು ಹೊರಗೆ ಕಾಲಿಟ್ಟು ತಿರುಗಿ ನೋಡಿದಾಗ ಅವರು ಮತ್ತೆ ಬಗ್ಗಿದ್ದರು. ತಮ್ಮ ಚೀಟಿಯನ್ನು ನಾಲ್ಕಾಗಿ ಮಡಿಸಿ ಕಾಲಡಿಗೆ ಸೇರಿಸುತ್ತಿದ್ದರು.