ಪುಟದಂಚಿನ ಹೆಬ್ಬೆರಳು

ಅಪ್ಪನ ಬಲಗೈಯನ್ನು ಅವಳು ಎರಡನೇ ಸಲ ಹೊದಿಕೆಯೊಳಗೆ ತುರುಕುತ್ತಿದ್ದಾಗ ಅತ್ತೆ ನೋಡಿಬಿಟ್ಟಳು.

"ಏನೇ ಅದು, ಕೈ ಯಾಕೆ ಮುಚ್ತೀಯ? ಬಂದೋರು ಒಂದ್ಸಲ ಮುಟ್ಟಿ ನೋಡ್ಲಿ ಬಿಡು."

"ಚಳಿ ಅಲ್ವಾ ಅತ್ತೆ..." ಅಂದವಳೇ ನಾಲಿಗೆ ಕಚ್ಚಿಕೊಂಡಳು. ಹೋದವರಿಗೆ ಎಂಥ ಚಳಿ!

ಅತ್ತೆ ಮೂಗು ಒರೆಸಿಕೊಂಡು, ತಮ್ಮನ ಕೈಯನ್ನು ಹೊರಗೆಳೆದು ಎದೆಯ ಮೇಲಿಟ್ಟಳು. ಹೆಬ್ಬೆರಳು ಎಲ್ಲರಿಗೂ ಕಾಣುವ ಹಾಗೆ ಕೂತಿತು. ಅದರ ಉಗುರು ನಟ್ಟನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಅಪ್ಪ ಗ್ರಂಥಾಲಯದಲ್ಲಿ ಬೈಂಡರ್ ಆಗಿದ್ದ ಕಾಲಕ್ಕೆ ಕಾಗದ ಕತ್ತರಿಸುವ ಯಂತ್ರ ಕೊಟ್ಟ ಗುರುತು ಅದು. ಅಂಥ ಉಗುರು ಇನ್ನೊಬ್ಬರಿಗೆ ಇರಲಿಕ್ಕಿಲ್ಲ. ಅದಕ್ಕೇ ಅವಳು ಅದನ್ನು ಮುಚ್ಚಲು ನೋಡಿದ್ದು.

ಅಪ್ಪ ನಿವೃತ್ತನಾದ ಮೇಲೆ ಗ್ರಂಥಾಲಯಕ್ಕೆ ಬಂದ ಮೇಡಂ ಸ್ವಲ್ಪ ಹೊತ್ತಿನ ಹಿಂದೆ ಫೋನ್ ಮಾಡಿದ್ದರು. "ಹೊರಟಿದೀವಮ್ಮ. ದೂರು ಕೊಟ್ಟಿದ್ರಲ್ಲ, ಆ ಬರಹಗಾರರ ಮಗ, ಅವರೂ ಜೊತೇಲಿದಾರೆ. ಸುದ್ದಿ ಕೇಳಿ ನಾನೂ ಬರ್ತೀನಿ ಅಂದ್ರು."

*

ಹೋದ ವಾರ ಆ ಮನುಷ್ಯ ಗ್ರಂಥಾಲಯದಲ್ಲಿ, ಅವಳು ಕೆಲಸ ಮಾಡುವ ಮೇಜಿನ ಮುಂದೆ ನಿಂತು ಮೊಬೈಲ್ ಚಾಚಿದ್ದರು. ಹಣ್ಣು ಹಣ್ಣು ಮುದುಕರು, ಆದರೆ ದನಿ ಗಡುಸು.

"ನಮ್ಮಪ್ಪ ಬರೆದ ಪುಸ್ತಕ ಇದು. ಆನ್‌ಲೈನ್ ಹಾಕೋಕೆ ನೀವು ಒಪ್ಪಿಗೆ ಕೇಳಿದ್ರಿ, ಆಗಲ್ಲ ಅಂದಿದ್ದೆ. ಈಗ ನೋಡಿದ್ರೆ ಯಾವುದೋ ಆನ್‌ಲೈನ್ ಗ್ರಂಥಾಲಯದಲ್ಲಿ ಪುಕ್ಕಟೆ ಬಿದ್ದಿದೆ. ಪುಟಪುಟದ ಮೂಲೇಲೂ ಯಾವನದೋ ಹೆಬ್ಬೆರಳು. ಯಾರದಮ್ಮ ಇದು?"

"ಗೊತ್ತಿಲ್ಲ ಸಾರ್."

"ಬೆರಳು ಸಿಕ್ಕಿದ್ರೆ ಪುಸ್ತಕ ಹೊರಗೆ ಸಾಗಿಸಿದೋರೂ ಸಿಕ್ತಾರೆ. ಪೊಲೀಸರ ಹತ್ರ ಹೋಗೋನೇ ನಾನು."

ಸಾಗಿಸಿದವಳು ಅವಳೇ. ಊಟದ ಡಬ್ಬಿಯ ಚೀಲದಲ್ಲಿ, ಟವೆಲಿನಲ್ಲಿ ಸುತ್ತಿ ಒಯ್ದು, ಹಾಗೆಯೇ ತಂದು ಕಪಾಟಿಗೆ ಸೇರಿಸಿದ್ದಳು. ಕೆಲಸ ಹೋದರೆ ಹೋಗಲಿ, ಅಪ್ಪನನ್ನು ಈ ವಯಸ್ಸಿನಲ್ಲಿ ಠಾಣೆಯ ಬೆಂಚಿನ ಮೇಲೆ ಕೂರಿಸಿದರೆ? ಅಪ್ಪನ ಮುಂದೆ ಮಾತ್ರ ತುಟಿ ಬಿಚ್ಚಲಿಲ್ಲ.

*

ಅಪ್ಪ ಪುಟಗಳ ಫೋಟೋ ತೆಗೆಯುವ ಕೆಲಸವನ್ನು ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಮಾಡಿದ್ದ. ಸ್ಟೂಲಿಗೆ ಮೊಬೈಲ್ ಕಟ್ಟಿ, ಕೆಳಗೆ ಪುಸ್ತಕ ಇಟ್ಟು, ಉಸಿರು ಬಿಗಿಹಿಡಿದು ಪುಟ ತಿರುವುತ್ತಿದ್ದ.

"ಕಚೇರಿ ಸ್ಕ್ಯಾನ್ ಯಂತ್ರಕ್ಕೆ ಇದನ್ನ ಕೊಟ್ರೆ ಹಪ್ಪಳದ ಹಾಗೆ ಪುಡಿ ಆಗೋಗತ್ತೆ," ಎಂದಿದ್ದ.

"ಮೇಲೆ ಗಾಜು ಇಡಪ್ಪ."

"ಬೆಳಕು ಹೊಡೆದು ಅಕ್ಷರಾನೇ ಕಾಣಲ್ಲ ಕಣೇ. ಬೆರಳೇ ಗತಿ."

"ಆ ಬೆರಳನ್ನ ಆಮೇಲೆ ಕತ್ತರಿಸಿ ತೆಗಿ ಮತ್ತೆ. ಅಕ್ಷರ ಗುರುತಿಸೋ ತಂತ್ರಾಂಶ ನಿನ್ನ ಉಗುರನ್ನೂ ಓದೋಕೆ ಹೋಗತ್ತೆ."

"ಅಂಚಲ್ಲಿ ಜಾಗಾನೇ ಬಿಟ್ಟಿಲ್ವಲ್ಲೇ ಇದಕ್ಕೆ. ಬೆರಳು ಕತ್ತರಿಸಿದ್ರೆ ಸಾಲಿನ ತುದೀನೂ ಹೋಗತ್ತೆ. ಇರಲಿ ಬಿಡು, ಓದೋನಿಗೆ ನನ್ನ ಬೆರಳೇನು ಕಣ್ಣು ಚುಚ್ಚತ್ತಾ?"

ಅವಳಿಗೆ ಆಗಲೇ ಅಳುಕು. "ಒಪ್ಪಿಗೆ ಇಲ್ಲದೆ ಹಾಕಬಾರದಪ್ಪ. ಹಕ್ಕು ಇನ್ನೂ ಅವರ ಮನೆಯವರದೇ."

"ಹಕ್ಕು ಮುಗಿಯೋಕೆ ಇಪ್ಪತ್ತು ವರ್ಷ ಇದೆ. ಈ ಕಾಗದ ಎರಡು ವರ್ಷ ಬಾಳಲ್ಲ," ಎಂದು ಅಪ್ಪ ಇನ್ನೊಂದು ಪುಟ ತಿರುವಿದ್ದ.

*

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಮೇಡಂ ಒಳಗೆ ಬಂದು ಅವಳ ಭುಜ ತಟ್ಟಿದರು. ಹಿಂದೆಯೇ ಮುದುಕರು. ಹೊದಿಕೆ ಎಳೆಯೋಣವೆಂದರೆ ಅತ್ತೆ ಪಕ್ಕದಲ್ಲೇ ಕಲ್ಲಿನ ಹಾಗೆ ಕೂತಿದ್ದಾಳೆ.

ಮುದುಕರು ಮುಖ ನೋಡಿದರು, ಕೈಮುಗಿದರು. ತಲೆ ತಗ್ಗಿಸಿದವರು ತಗ್ಗಿಸಿಯೇ ಉಳಿದರು. ಕನ್ನಡಕ ಸರಿಪಡಿಸಿಕೊಂಡು ಆ ಕೈಯ ಕಡೆ ಬಗ್ಗಿದರು. ಸಿಕ್ಕಿಬಿದ್ದೆವು ಎಂದುಕೊಂಡಳು ಅವಳು. ಹೋದವನನ್ನಾದರೂ ನೆಮ್ಮದಿಯಾಗಿ ಹೋಗಲು ಬಿಡಿ ಎಂದು ಕಾಲು ಹಿಡಿಯಲೇ ಎನ್ನಿಸಿತು.

"ಏನಾಯ್ತು ಸಾರ್?" ಎಂದರು ಮೇಡಂ.

"ಏನಿಲ್ಲ, ಮಂಡಿ ನೋವು." ಅವರು ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು. ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು: "ಮನೇಲೊಂದು ಪ್ರತಿ ಇತ್ತು. ಅಪ್ಪನ ಸ್ವಂತದ್ದು. ಬೀಗ ಹಾಕಿ ಇಟ್ಟಿದ್ದೆ. ಆ ಆನ್‌ಲೈನ್ ಪುಟದ ಜೊತೆ ಹೋಲಿಸಿ ನೋಡೋಣ ಅಂತ ನಿನ್ನೆ ತೆಗೆದೆ. ಕೈಯಲ್ಲೇ ಪುಡಿ ಆಯ್ತು."

ಅವರು ಅಪ್ಪನ ಹೆಬ್ಬೆರಳನ್ನೇ ನೋಡುತ್ತಿದ್ದರು.

"ಇವರು ಒಂದು ಪುಟಾನೂ ಹರಿದಿಲ್ಲ," ಎಂದರು.

ಅಷ್ಟರಲ್ಲಿ ಬಾಗಿಲ ಹತ್ತಿರ ಹೋಗಿ ನಿಂತಿದ್ದ ಮೇಡಂ, "ಸಾರ್, ಆ ದೂರಿನ ವಿಚಾರ ನಾಳೆನೇ ಮುಗಿಸೋಣ. ಬೈಂಡಿಂಗ್ ಕೋಣೇಲಿ ಕೆಲಸ ಮಾಡಿದ ಹಳಬರನ್ನೆಲ್ಲ ಕರೆಸ್ತೀನಿ, ಆ ಫೋಟೋ ತೋರಿಸಿದ್ರೆ ಯಾರಾದ್ರೂ ಬೆರಳು ಗುರುತು ಹಿಡೀತಾರೆ," ಎಂದರು.

ಹೊರಗೆ ವಾಹನ ಬಂತು. ನಾಲ್ಕು ಜನ ಸ್ಟ್ರೆಚರ್ ಎತ್ತಿದರು. ಎತ್ತಿದ ಕುಲುಕಿಗೆ ಅಪ್ಪನ ಬಲಗೈ ಜಾರಿ ಪಕ್ಕಕ್ಕೆ ಇಳಿಬಿತ್ತು, ಮೇಡಂ ನಿಂತಿದ್ದ ಕಡೆಗೇ. ಅವಳು ಮುಂದೆ ನುಗ್ಗಿದಳು, ಜನ ಅಡ್ಡ ಬಂದರು.

ಅವಳಿಗಿಂತ ಮೊದಲೇ ಮುದುಕರು ಅಲ್ಲಿದ್ದರು. ಆ ಕೈಯನ್ನು ಎತ್ತಿ ಎದೆಯ ಮೇಲಿಟ್ಟು, ಹೆಬ್ಬೆರಳ ಮೇಲೆ ತಮ್ಮ ಅಂಗೈ ಮುಚ್ಚಿದರು. ವಾಹನದ ಬಾಗಿಲವರೆಗೂ, ಮಂಡಿ ನೋವಿನಲ್ಲಿ ಕುಂಟುತ್ತ, ಅಂಗೈ ತೆಗೆಯದೆ ಪಕ್ಕದಲ್ಲೇ ನಡೆದರು.